ಬಾಗಿಲ ಹೊರಗಣ ಸಮಾಧಿ: ವಿಂಚೆಸ್ಟರಿನ ಬಿಷಪ್ ಸ್ವಿಥುನನ ಚರಿತ್ರೆ

ಸತ್ತ ಮೇಲೆ ತನ್ನನ್ನು ಎಲ್ಲಿ ಹೂಣಿಡಬೇಕೆಂಬ ವಿಷಯದಲ್ಲಿಯೂ ಮನುಷ್ಯನ ಗರ್ವವು ತಲೆಯೆತ್ತುವದುಂಟು. ಪೂರ್ವಕಾಲದಲ್ಲಿ ಅರಸರೂ ದೊಡ್ಡವರೂ ದೇವಾಲಯದೊಳಗೆ ಸ್ಥಳವನ್ನು ಅಪೇಕ್ಷಿಸುತ್ತಿದ್ದರು. ಬಡವರಿಗೆ ಹೊರಗಣ ಅಂಗಳವೇ ಗತಿಯಾಗಿತ್ತು. ಆ ಅಂಗಳವನ್ನೇ ಬೇಡಿಕೊಂಡ ಒಬ್ಬ ಬಿಷಪನ ಚರಿತ್ರೆಯನ್ನು ಇಲ್ಲಿ ಹೇಳುವೆವು.

ಇಂಗ್ಲೆಂಡಿನ ದಕ್ಷಿಣದಲ್ಲಿ ವೆಸೆಕ್ಸ್ ಎಂಬ ರಾಜ್ಯವಿತ್ತು. ಅಲ್ಲಿಯ ವಿಂಚೆಸ್ಟರ್ ಪಟ್ಟಣದಲ್ಲಿ ಸುಮಾರು 648ರಲ್ಲಿ ಕೆನ್‌ವಾಲ್ಹ್ ಎಂಬ ಅರಸನು ಕಲ್ಲಿನ ದೇವಾಲಯವೊಂದನ್ನು ಕಟ್ಟಿಸಿದನು. 852ರಲ್ಲಿ, ಎಥೆಲ್‌ವುಲ್ಫ್ ಅರಸನ ಕಾಲದಲ್ಲಿ, ಸ್ವಿಥುನನು ಅಲ್ಲಿ ಬಿಷಪನಾದನು. ಸಮುದ್ರದಿಂದ ಬಂದ ಡೇನರು ಊರುಗಳನ್ನು ಸುಲಿಯುತ್ತಿದ್ದ ಕಷ್ಟದ ದಿವಸಗಳವು. ಸುಮಾರು 860ರಲ್ಲಿ ವಿಂಚೆಸ್ಟರೂ ಅವರ ದಾಳಿಗೆ ತುತ್ತಾಯಿತು. ಪಟ್ಟಣದ ಪೂರ್ವದ ಬಾಗಿಲಲ್ಲಿ ಹೊಳೆಗೆ ಸೇತುವೆಯನ್ನು ಕಟ್ಟಿಸಿದವನು ಸ್ವಿಥುನನೇ ಎಂದು ಹೇಳುತ್ತಾರೆ. ದೂರದ ಊರುಗಳಿಗೆ ಆತನು ಆಡಂಬರವಿಲ್ಲದೆ ಕಾಲುನಡಿಗೆಯಿಂದ ಹೋಗುತ್ತಿದ್ದನೆಂದೂ, ತನ್ನ ಪಂಕ್ತಿಗೆ ಐಶ್ವರ್ಯವಂತರನ್ನು ಬಿಟ್ಟು ಬಡವರನ್ನು ಕರೆಯುತ್ತಿದ್ದನೆಂದೂ ನಂತರದವರು ಬರೆದಿಟ್ಟರು.

ಸುಮಾರು 863ರಲ್ಲಿ ಸ್ವಿಥುನನು ತೀರಿಕೊಂಡನು. ತನ್ನನ್ನು ದೇವಾಲಯದೊಳಗೆ ಇಡದೆ, ಹೋಗಿಬರುವವರ ಕಾಲುಗಳು ತುಳಿಯುವ, ಸೂರಿನ ಮಳೆನೀರು ಬೀಳುವ ಹೊರಗಣ ಸ್ಥಳದಲ್ಲಿ ಹೂಣಿಡಬೇಕೆಂದು ಆತನು ಕೇಳಿಕೊಂಡಿದ್ದನಂತೆ. ಪಶ್ಚಿಮದ ಬಾಗಿಲ ಮುಂದೆ ಸಾಮಾನ್ಯ ಜನರ ನಡುವೆ ಆತನಿಗೆ ಸಮಾಧಿಯಾಯಿತು. ಒಂದು ನೂರು ವರುಷಗಳಿಗೂ ಮಿಕ್ಕಿ ಆತನು ಅಲ್ಲಿಯೇ ಮಲಗಿದ್ದನು.

ಆದರೆ ಜನರು ಆತನನ್ನು ಹಾಗೆ ಬಿಡಲಿಲ್ಲ. 971ನೆಯ ಜುಲೈ 15ರಂದು ಬಿಷಪ್ ಎಥೆಲ್‌ವೋಲ್ಡನು ಎಲುಬುಗಳನ್ನು ತೆಗಿಸಿ ದೇವಾಲಯದೊಳಕ್ಕೆ ತಂದನು. ಬೆಳ್ಳಿಬಂಗಾರದ ಪೆಟ್ಟಿಗೆ ಸಿದ್ಧವಾಯಿತು. ರೋಗಿಗಳು ಗುಂಪುಗುಂಪಾಗಿ ಬಂದರು. ಬರಿದಾದ ಸಮಾಧಿಯ ಮೇಲೆಯೂ ದೊಡ್ಡ ಕಟ್ಟಡವೆದ್ದಿತು. ಜನರ ಪ್ರೀತಿಯು ನಿಜವಾದದ್ದೇ. ಆದರೂ ಕರ್ತನಿಗೆ ಸಲ್ಲತಕ್ಕ ಭರವಸವನ್ನು ಅವರು ಆತನ ದಾಸನ ಎಲುಬುಗಳಲ್ಲಿಟ್ಟರು. 1093ರಲ್ಲಿ ಪಕ್ಕದ ಹೊಸ ಮಹಾದೇವಾಲಯಕ್ಕೆ ಆ ಪೆಟ್ಟಿಗೆಯನ್ನು ಸಾಗಿಸಿ, ಹಳೆಯದನ್ನು ಕೆಡವಿಬಿಟ್ಟರು. 1538ರಲ್ಲಿ ಎಂಟನೆಯ ಹೆನ್ರಿ ಅರಸನ ಅಧಿಕಾರಿಗಳು ಬಂದು ಆ ಗದ್ದಿಗೆಯನ್ನು ಒಡೆದರು. ಬೆಳ್ಳಿಯು ಸಿಕ್ಕಿತು, ಬಂಗಾರವೂ ರತ್ನಗಳೂ ನಿಜವಾದವುಗಳಲ್ಲವೆಂದು ಅವರು ತಿಳಿಸಿದರು.

ಹಳೆಯ ದೇವಾಲಯವಿದ್ದ ಸ್ಥಳವು ಬಹುಕಾಲ ಮರೆತುಹೋಗಿತ್ತು. 1962ರಿಂದ 1969ರ ವರೆಗೆ ಮಾರ್ಟಿನ್ ಬಿಡ್ಲ್ ಎಂಬ ವಿದ್ವಾಂಸರು ಅಲ್ಲಿ ಅಗೆಯಿಸಿದರು. ಅಸ್ತಿವಾರದ ಕಲ್ಲುಗಳನ್ನು ಪೂರ್ವಿಕರು ಬಹುಮಟ್ಟಿಗೆ ಕಿತ್ತೊಯ್ದಿದ್ದರು. ಕಲ್ಲು ಕಿತ್ತ ಕಾಲುವೆಗಳಲ್ಲಿ ತುಂಬಿದ್ದ ಮಣ್ಣಿನ ವ್ಯತ್ಯಾಸದಿಂದಲೇ ಗೋಡೆಗಳ ಜಾಡನ್ನು ಹಿಡಿದರು. ಸುತ್ತಲೂ ಸಾಲುಸಾಲು ಸಮಾಧಿಗಳು ಕಂಡವು. ಕೆಲವರನ್ನು ಇದ್ದಲಿನ ಹಾಸಿನ ಮೇಲೆ ಮಲಗಿಸಿದ್ದರು. ಅವುಗಳ ನಡುವೆ, ಹಳೆಯ ಪಶ್ಚಿಮ ಬಾಗಿಲ ಮುಂದೆ, ಸ್ವಿಥುನನ ಮೊದಲನೆಯ ಸಮಾಧಿಯ ಸ್ಥಳವೂ ಗೊತ್ತಾಯಿತು. ಆ ದೇವಾಲಯದ ಆಕಾರವನ್ನು ಈಗ ಹುಲ್ಲಿನ ನಡುವೆ ಇಟ್ಟಿಗೆಗಳಿಂದ ಗುರುತಿಸಿದ್ದಾರೆ. ನೋಡಲು ಬಂದವರು ಅದರ ಮೇಲೆಯೇ ನಡೆಯುತ್ತಾರೆ. ಮಳೆಯೂ ಅದರ ಮೇಲೆ ಬೀಳುತ್ತದೆ.

ಸಹೋದರ ಸಹೋದರಿಯರೇ, ಇದನ್ನು ಯೋಚಿಸಿರಿ. ಜನರು ಕೊಟ್ಟ ಪೆಟ್ಟಿಗೆಯೂ ಗದ್ದಿಗೆಯೂ ಹೋದವು. ಆತನು ಬೇಡಿಕೊಂಡ ತಗ್ಗಾದ ಸ್ಥಳವೇ ಉಳಿಯಿತು. ನಮ್ಮವರ ಸಮಾಧಿಗಳ ಮೇಲೆ ಕಲ್ಲಿಲ್ಲ, ಹೆಸರಿಲ್ಲವೆಂದು ನಾಚಬೇಡಿರಿ. ಸಾಲಮಾಡಿ ಗೋರಿ ಕಟ್ಟಿಸಲೂ ಬೇಡಿರಿ. ಅವುಗಳನ್ನು ಶುಚಿಯಾಗಿಟ್ಟರೆ ಸಾಕು. ಬಾಗಿಲ ಒಳಗಿರಲಿ ಹೊರಗಿರಲಿ, ಪುನರುತ್ಥಾನದ ದಿನದಲ್ಲಿ ಕರ್ತನು ತನ್ನವರನ್ನು ಹುಡುಕುವದಕ್ಕೆ ಕಲ್ಲಿನ ಗುರುತು ಬೇಕಾಗಿಲ್ಲ.