ಯಂತ್ರಕ್ಕೆ ವೇಷ ಕಟ್ಟುವುದನ್ನು ಕಲಿಸಿದ ಅಲನ್ ಟ್ಯೂರಿಂಗ್

ಮಕ್ಕಳೇ, ನಿಮ್ಮ ಶಾಲೆಯ ಕಂಪ್ಯೂಟರನ್ನು ಚಾಲೂ ಮಾಡಿದಾಗ ಎಚ್ಚರಗೊಳ್ಳುವುದು ಅದರ ಆಪರೇಟಿಂಗ್ ಸಿಸ್ಟಮ್. ಕೀಲಿಮಣೆ, ಪರದೆ, ಮೆಮೊರಿ, ಹಾರ್ಡ್ ಡಿಸ್ಕ್ ಎಲ್ಲಕ್ಕೂ ಕೆಲಸ ಹಂಚುವ ಮೇಸ್ತ್ರಿ ಅದು. ಕೆಲವು ಕಡೆ ಅದು ವಿಂಡೋಸ್, ಕೆಲವು ಕಡೆ ಲಿನಕ್ಸ್. ನೆಲೋಗಿಯಂಥ ಊರಿನ ಶಾಲೆಯೊಂದರಲ್ಲಿ ಇರುವುದೇ ಒಂದು ಕಂಪ್ಯೂಟರ್, ಅದರಲ್ಲಿ ವಿಂಡೋಸ್ ಇದೆ ಎಂದುಕೊಳ್ಳಿ. ನಿಮಗೋ ಲಿನಕ್ಸ್ ಹೇಗಿರುತ್ತದೆ ಎಂದು ನೋಡುವ ಆಸೆ. ಇರುವುದನ್ನು ಅಳಿಸಿ ಹೊಸದನ್ನು ಹಾಕಲು ಹೋಗಿ ಏನಾದರೂ ಹೆಚ್ಚುಕಡಿಮೆಯಾದರೆ? ಹಾಜರಿ, ಅಂಕಪಟ್ಟಿ, ಬಿಸಿಯೂಟದ ಲೆಕ್ಕ ಎಲ್ಲವೂ ಹೋದೀತು. ಹೆಡ್ ಮಾಸ್ತರರು ನಿಮ್ಮನ್ನು ಅದರ ಹತ್ತಿರಕ್ಕೂ ಬಿಡಲಾರರು.

ಆದರೆ ಏನನ್ನೂ ಅಳಿಸದೆ ಲಿನಕ್ಸ್ ನೋಡುವ ದಾರಿಯೊಂದಿದೆ. ಎಮ್ಯುಲೇಟರ್ ಎಂಬ ತಂತ್ರಾಂಶವು ನಿಮ್ಮ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನ ವೇಷ ಕಟ್ಟುತ್ತದೆ. ಲಿನಕ್ಸ್ ಅದರೊಳಗೆ ನಡೆಯುತ್ತದೆ. ಒಂದು ಯಂತ್ರ ಇನ್ನೊಂದು ಯಂತ್ರದಂತೆ ವರ್ತಿಸಬಲ್ಲದು ಎಂಬುದನ್ನು ಮೊದಲು ಗಣಿತದಿಂದ ತೋರಿಸಿದವರು ಅಲನ್ ಟ್ಯೂರಿಂಗ್. ಆಗ ಅವರಿಗಿನ್ನೂ 24 ವರ್ಷ ತುಂಬಿರಲಿಲ್ಲ. ಇಂದಿನಂಥ ಕಂಪ್ಯೂಟರ್ ಜಗತ್ತಿನಲ್ಲೇ ಇರಲಿಲ್ಲ!

ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಅವರ ಮನೆತನಕ್ಕೂ ನಮ್ಮ ಸೀಮೆಗೂ ನಂಟಿತ್ತು. ತಂದೆ ಜೂಲಿಯಸ್ ಟ್ಯೂರಿಂಗ್ ಮದ್ರಾಸ್ ಪ್ರಾಂತದಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿ. ಆಗ ಆ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲೂ ಅವರು ಕೆಲಸ ಮಾಡಿದ್ದರು. ತಾಯಿಯ ತಂದೆ ಎಡ್ವರ್ಡ್ ಸ್ಟೋನಿ ಮದ್ರಾಸ್ ರೈಲ್ವೆಯ ಇಂಜಿನಿಯರ್. ತುಂಗಭದ್ರಾ ನದಿಗೆ ರೈಲು ಸೇತುವೆ ಕಟ್ಟಿಸಿದವರು ಇವರೇ. ಬಿಸಿಲ ನಾಡಿನ ಬಂಗಲೆಗಳಲ್ಲಿ ಹಗ್ಗ ಎಳೆದು ಬೀಸುತ್ತಿದ್ದ ಪಂಖಾಗಳು ಕಿರುಗುಟ್ಟುತ್ತಿದ್ದವಲ್ಲ, ಅವಕ್ಕೆ ಸದ್ದು ಮಾಡದ ಗಾಲಿಯನ್ನೂ ಕಂಡುಹಿಡಿದಿದ್ದರು.

ತಂದೆ ತಾಯಿ ಭಾರತದಲ್ಲಿ, ಅಲನ್ ಮತ್ತು ಅಣ್ಣ ಜಾನ್ ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ. ಹೀಗೆ ಕಳೆಯಿತು ಬಾಲ್ಯ. 1926ರಲ್ಲಿ, 13ನೆಯ ವಯಸ್ಸಿಗೆ, ಹೊಸ ಶಾಲೆಗೆ ಸೇರಲು ಹೊರಟ ದಿನ ದೇಶದಲ್ಲೆಲ್ಲ ಮುಷ್ಕರ, ರೈಲಿಲ್ಲ. ಹುಡುಗ ಸೈಕಲ್ ಹತ್ತಿದ. ಸುಮಾರು 100 ಕಿಲೋಮೀಟರ್ ತುಳಿದು, ನಡುವೆ ಒಂದು ರಾತ್ರಿ ತಂಗಿ, ಶಾಲೆ ಮುಟ್ಟಿದ. ಅಲ್ಲಿ ಕ್ರಿಸ್ಟೋಫರ್ ಮಾರ್ಕಮ್ ಎಂಬ ಗೆಳೆಯ ಸಿಕ್ಕಿದ. ಇಬ್ಬರಿಗೂ ಗಣಿತ, ನಕ್ಷತ್ರ ಎಂದರೆ ಪ್ರಾಣ. 1930ರಲ್ಲಿ ಕ್ರಿಸ್ಟೋಫರ್ ಕ್ಷಯದಿಂದ ತೀರಿಕೊಂಡ. ಹಿಂದೆಂದೋ ಕುಡಿದಿದ್ದ ಸೋಂಕಿನ ಹಾಲಿನಿಂದ ಬಂದ ರೋಗವದು. (ಹಾಲನ್ನು ಕಾಯಿಸಿಯೇ ಕುಡಿಯಿರಿ ಎಂದು ನಾವು ಹೇಳುವುದು ಇದಕ್ಕೇ.) ಗೆಳೆಯ ಮಾಡಬೇಕಾಗಿದ್ದ ಕೆಲಸವನ್ನೂ ತಾನೇ ಮಾಡಬೇಕೆಂಬ ಹಟ ಅಲನ್‌ನಲ್ಲಿ ಬೇರೂರಿತು.

ಮುಂದೆ ಕೇಂಬ್ರಿಜ್. ಅಲ್ಲಿ 1936ರಲ್ಲಿ ಅವರು ಬರೆದ ಲೇಖನವೇ ನಮ್ಮ ಕಥೆಯ ಜೀವಾಳ. ಲೆಕ್ಕ ಮಾಡುವುದು ಎಂದರೆ ನಿಜವಾಗಿ ಏನು ಎಂದು ಅವರು ಯೋಚಿಸಿದರು. ನೀವೂ ಮಾಡಿ ನೋಡಬಹುದು. ಚೌಕುಳಿ ಹಾಳೆಯಿಂದ ಒಂದೇ ಸಾಲಿನ ಉದ್ದನೆಯ ಪಟ್ಟಿ ಕತ್ತರಿಸಿಕೊಳ್ಳಿ. ಮೊದಲ ಮೂರು ಮನೆಗಳಲ್ಲಿ 1 ಎಂದು ಬರೆಯಿರಿ. ಎಡತುದಿಯ ಮನೆಯ ಮೇಲೆ ಬೆರಳಿಡಿ. ನಿಯಮ ಎರಡೇ. ಬೆರಳಿನಡಿ 1 ಇದ್ದರೆ ಬಲಕ್ಕೆ ಒಂದು ಮನೆ ಸರಿಯಿರಿ. ಖಾಲಿ ಇದ್ದರೆ 1 ಬರೆದು ನಿಲ್ಲಿಸಿ. ಮೂರು ಇದ್ದದ್ದು ನಾಲ್ಕಾಯಿತು! ಒಂದನ್ನು ಕೂಡಿಸುವ ಯಂತ್ರ ನಿಮ್ಮ ಕೈಯಲ್ಲೇ ತಯಾರು. ನಿಯಮ ಬದಲಿಸಿದರೆ ಬೇರೆ ಯಂತ್ರ.

ಟ್ಯೂರಿಂಗ್ ಇಲ್ಲಿಗೇ ನಿಲ್ಲಲಿಲ್ಲ. ಆ ನಿಯಮಗಳನ್ನೂ ಪಟ್ಟಿಯ ಮೇಲೆಯೇ ಬರೆದುಬಿಟ್ಟರೆ? ಆಗ ಒಂದೇ ಒಂದು ಯಂತ್ರ ಸಾಕು. ಯಾವ ಯಂತ್ರದ ನಿಯಮಪಟ್ಟಿ ಕೊಟ್ಟರೂ ಅದನ್ನು ಓದಿ ಆ ಯಂತ್ರದಂತೆಯೇ ನಡೆದುಕೊಳ್ಳುತ್ತದೆ. ಊರಿಗೆ ಬರುವ ಹಗಲುವೇಷದವರನ್ನು ನೆನೆಯಿರಿ. ಮನುಷ್ಯ ಒಬ್ಬನೇ, ಇಂದು ರಾಮ, ನಾಳೆ ರಾವಣ. ಈ ಹಗಲುವೇಷದ ಯಂತ್ರಕ್ಕೆ ಸಾರ್ವತ್ರಿಕ ಯಂತ್ರ ಎಂದು ಹೆಸರು. ನಿಮ್ಮ ಮನೆಯ ಮೊಬೈಲ್ ಫೋನ್ ಕ್ಯಾಲ್ಕುಲೇಟರೂ ಆಗುವುದು, ಕ್ಯಾಮೆರಾವೂ ಆಗುವುದು, ಚದುರಂಗದ ಎದುರಾಳಿಯೂ ಆಗುವುದು ಇದೇ ತತ್ವದಿಂದ.

1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಜರ್ಮನರು ಎನಿಗ್ಮಾ ಎಂಬ ಯಂತ್ರದಿಂದ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸಿ ಕಳಿಸುತ್ತಿದ್ದರು. ಆ ಯಂತ್ರವನ್ನು ಹೊಂದಿಸುವ ಬಗೆಗಳು 159ರ ಮುಂದೆ 18 ಸೊನ್ನೆ ಇಟ್ಟಷ್ಟು. ಅದೂ ದಿನಕ್ಕೊಮ್ಮೆ ಬದಲಾಗುತ್ತಿತ್ತು. ಪೋಲೆಂಡಿನ ಗಣಿತಜ್ಞರು ಮೊದಲು ಹಾಕಿಕೊಟ್ಟ ದಾರಿಯಲ್ಲಿ ಟ್ಯೂರಿಂಗ್ ಮುಂದುವರಿದು, ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಬಾಂಬ್ ಎಂಬ ಯಂತ್ರವನ್ನು ರೂಪಿಸಿದರು. ಸಿಡಿಯುವ ಬಾಂಬಲ್ಲ, ಹೆಸರಷ್ಟೇ ಹಾಗೆ. ಒಂದೊಂದು ಬಾಂಬಿನೊಳಗೂ 36 ಎನಿಗ್ಮಾಗಳ ನಕಲು ಒಟ್ಟಿಗೆ ತಿರುಗುತ್ತಿದ್ದವು. ಶತ್ರುವಿನ ಯಂತ್ರದಂತೆಯೇ ನಡೆದು ಶತ್ರುವಿನ ಗುಟ್ಟು ಬಿಡಿಸುವ ಯಂತ್ರ! ಮೊದಲನೆಯದು 1940ರಲ್ಲಿ ಕೆಲಸ ಆರಂಭಿಸಿತು. ಅಟ್ಲಾಂಟಿಕ್ ಸಾಗರದಲ್ಲಿ ಆಹಾರ ಹೊತ್ತು ಬರುತ್ತಿದ್ದ ಎಷ್ಟೋ ಹಡಗುಗಳು ಜಲಾಂತರ್ಗಾಮಿಗಳಿಂದ ಪಾರಾದದ್ದು ಹೀಗೆ ಬಿಡಿಸಿದ ಸಂದೇಶಗಳಿಂದ. ಈ ಕೆಲಸ ಎಷ್ಟು ಗುಟ್ಟಾಗಿತ್ತೆಂದರೆ 1970ರ ದಶಕದವರೆಗೂ ಹೊರಗಿನವರಿಗೆ ತಿಳಿಯಲಿಲ್ಲ.

ಯುದ್ಧದ ನಂತರ ಅವರು ನಿಜವಾದ ಕಂಪ್ಯೂಟರುಗಳ ಕೆಲಸಕ್ಕೆ ಇಳಿದರು. 1948ರಲ್ಲಿ ಗೆಳೆಯ ಚಾಂಪರ್ನೌನ್ ಜೊತೆ ಚದುರಂಗ ಆಡುವ ಪ್ರೋಗ್ರಾಮ್ ಬರೆದರು. ಅದನ್ನು ನಡೆಸುವಷ್ಟು ಶಕ್ತಿಯ ಕಂಪ್ಯೂಟರ್ ಸಿಗಲಿಲ್ಲ. 1952ರಲ್ಲಿ ಟ್ಯೂರಿಂಗ್ ತಾವೇ ಕಂಪ್ಯೂಟರ್ ಆದರು! ಕಾಗದ ಪೆನ್ಸಿಲ್ ಹಿಡಿದು, ಪ್ರೋಗ್ರಾಮಿನ ಒಂದೊಂದು ನಿಯಮವನ್ನೂ ತಪ್ಪದೆ ಪಾಲಿಸಿ ಆಡಿದರು. ಒಂದು ನಡೆಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತಿತ್ತು. ಆಟದಲ್ಲಿ ಸೋತರು, ಅದಿರಲಿ.

ಎಮ್ಯುಲೇಟರ್ ಮಾಡುವುದೂ ಇದನ್ನೇ. ಒಳಗಿನ ಕಂಪ್ಯೂಟರಿನ ಒಂದೊಂದು ಆದೇಶವನ್ನೂ ಓದಿ, ನಿಜವಾದ ಯಂತ್ರ ಏನು ಮಾಡುತ್ತಿತ್ತೋ ಅದನ್ನು ತಾನು ಮಾಡಿ ತೋರಿಸುತ್ತದೆ. ಒಳಗಿನ ಒಂದು ಹೆಜ್ಜೆಗೆ ಹೊರಗೆ ಹಲವು ಹೆಜ್ಜೆ ಬೇಕಾಗುವುದರಿಂದ ವೇಗ ಕಡಿಮೆ. 2003ರಲ್ಲಿ ಫ್ಯಾಬ್ರಿಸ್ ಬೆಲಾರ್ ಎಂಬ ಫ್ರಾನ್ಸಿನ ತಂತ್ರಜ್ಞರು ಹೊರತಂದ ಕ್ಯೂಎಮು ಅಂಥದೊಂದು ಉಚಿತ ಎಮ್ಯುಲೇಟರ್. ಅದು ವಿಂಡೋಸ್‌ನಲ್ಲೂ ನಡೆಯುತ್ತದೆ. ಒಳಗಿರುವ ಲಿನಕ್ಸ್ ತನ್ನ ಹಾರ್ಡ್ ಡಿಸ್ಕ್ ಎಂದುಕೊಂಡಿರುವುದು ಹೊರಗಿನ ಕಂಪ್ಯೂಟರಿನಲ್ಲಿ ಬರೀ ಒಂದು ಫೈಲ್. ಒಳಗೆ ಎಲ್ಲವನ್ನೂ ಅಳಿಸಿದರೂ ಅಳಿಯುವುದು ಆ ಫೈಲಿನೊಳಗಿನದು ಮಾತ್ರ. ಮೊದಲೇ ಅದರ ನಕಲು ಇಟ್ಟುಕೊಂಡಿದ್ದರೆ ಎರಡೇ ನಿಮಿಷದಲ್ಲಿ ಮತ್ತೆ ಮೊದಲಿನಂತೆ. ಹೆಡ್ ಮಾಸ್ತರರ ಲೆಕ್ಕದ ತಂಟೆಗೆ ಅದು ಹೋಗುವುದೇ ಇಲ್ಲ.

ಆದರೂ ಗೋಡೆಗೆ ಕಿಂಡಿ ಕೊರೆಯುವವರು ನಾವೇ. ಹೊರಗಿನ ಫೋಲ್ಡರನ್ನು ಒಳಗಿನ ವ್ಯವಸ್ಥೆಯೊಂದಿಗೆ ಹಂಚಿಕೊಂಡರೆ ವೈರಸ್ ಅಲ್ಲಿಂದ ದಾಟಬಹುದು. ಬೇಡವಾದಾಗ ಒಳಗಿನದಕ್ಕೆ ಇಂಟರ್ನೆಟ್ ಕೊಡಬೇಡಿ. ಎಮ್ಯುಲೇಟರಿನಲ್ಲೇ ದೋಷವಿರುವ ಸಾಧ್ಯತೆಯೂ ಇರುವುದರಿಂದ ಅದರ ಹೊಸ ಆವೃತ್ತಿಯನ್ನೇ ಬಳಸಬೇಕು. ಮೆಮೊರಿಯನ್ನು ಪೂರ್ತಿ ಒಳಗಿನದಕ್ಕೇ ಕೊಟ್ಟರೆ ಹೊರಗಿನದು ಉಸಿರುಗಟ್ಟುತ್ತದೆ. 4 ಜಿಬಿ ಇದ್ದಲ್ಲಿ 1 ಜಿಬಿ ಕೊಡಿ. ಇದನ್ನೆಲ್ಲ ನಿಮ್ಮ ಗುರುಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಟ್ಯೂರಿಂಗ್ ಅವರ ಕೊನೆಯ ದಿನಗಳು ಸುಖದವಲ್ಲ. ಗಂಡಸು ಇನ್ನೊಬ್ಬ ಗಂಡಸನ್ನು ಪ್ರೀತಿಸುವುದು ಅಂದಿನ ಇಂಗ್ಲೆಂಡಿನಲ್ಲಿ ಅಪರಾಧವಾಗಿತ್ತು. 1952ರಲ್ಲಿ ಅದೇ ಕಾರಣಕ್ಕೆ ಅವರಿಗೆ ಶಿಕ್ಷೆಯಾಯಿತು. ದೇಶವನ್ನು ಕಾಪಾಡಿದವರನ್ನು ಸರ್ಕಾರದ ಗುಪ್ತ ಕೆಲಸದಿಂದ ಹೊರಗಿಟ್ಟರು. ಅದು ಅನ್ಯಾಯವೇ ಸರಿ. ಅದೇ ವರ್ಷ ಅವರು ಪ್ರಾಣಿಗಳ ಮೈಮೇಲೆ ಮಚ್ಚೆ, ಪಟ್ಟೆ ಹೇಗೆ ಮೂಡುತ್ತವೆ ಎಂಬುದಕ್ಕೆ ಗಣಿತ ಬರೆದು ಪ್ರಕಟಿಸಿದರು. 1954ರ ಜೂನ್ 7ರಂದು, 42 ತುಂಬಲು 16 ದಿನ ಇರುವಾಗ, ತೀರಿಕೊಂಡರು. ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ. 2013ರಲ್ಲಿ ರಾಣಿಯ ಆಜ್ಞೆಯಿಂದ ಆ ಶಿಕ್ಷೆಗೆ ಮಾಫಿ ಸಿಕ್ಕಿತು.

2021ರ ಜೂನ್ 23ರಂದು, ಅವರ ಹುಟ್ಟುಹಬ್ಬದ ದಿನವೇ, ಬ್ರಿಟನ್ನಿನ 50 ಪೌಂಡಿನ ಹೊಸ ನೋಟು ಚಲಾವಣೆಗೆ ಬಂದಿತು. ಅದರ ಮೇಲೆ ಟ್ಯೂರಿಂಗ್ ಅವರ ಚಿತ್ರವಿದೆ. ಪಕ್ಕದಲ್ಲೇ 1936ರ ಆ ಲೇಖನದಿಂದ ತೆಗೆದ ನಿಯಮಗಳ ಕೋಷ್ಟಕವನ್ನೂ ಅಚ್ಚು ಹಾಕಿದ್ದಾರೆ.