ಸಮ, ದ್ವಿಸಮ, ವಿಷಮ: ಮಹಾವೀರಾಚಾರ್ಯರು

ಹೈಸ್ಕೂಲಿನಲ್ಲಿ ನನ್ನ ದೊಡ್ಡ ಶತ್ರು ಐಸಾಸಲೀಸ್ ಎಂಬ ಪದ. ಅದರ ಸ್ಪೆಲ್ಲಿಂಗ್ ಒಂದು ದಿನವೂ ಸರಿಯಾಗಿ ಬಂದದ್ದಿಲ್ಲ. ಸ್ಕೇಲೀನ್ ಅಂದ್ರೆ ಯಾವುದೋ ಕೆಮ್ಮಿನ ಔಷಧಿ ಅನ್ನಿಸೋದು. ಚೆನ್ನೈನಲ್ಲಿ ಇಂಗ್ಲಿಷ್ ಮೀಡಿಯಂ ಓದಿದ ನಮಗೆಲ್ಲ ಇದೇ ಪಾಡು. ಒಂದು ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಪ್ಪನ ಮಗಳು ತನ್ನ ಕನ್ನಡ ಪುಸ್ತಕ ತೆರೆದು ತೋರಿಸಿದಳು: ಸಮಬಾಹು, ಸಮದ್ವಿಬಾಹು, ಅಸಮಬಾಹು. ಅರೆ, ಅರ್ಥ ಹೆಸರಿನಲ್ಲೇ ಕೂತಿದೆಯಲ್ಲ! ಗ್ರೀಕ್ ಪದಕ್ಕೂ ಸಮಕಾಲಿನದು ಎಂದೇ ಅರ್ಥವಂತೆ. ಆದರೆ ಅದು ಗ್ರೀಕರ ಜತೆ ಮಾತಾಡುತ್ತೆ, ನನ್ನ ಜತೆ ಮಾತಾಡೋಲ್ಲ.

ಈ ಹೆಸರುಗಳ ಬೆನ್ನು ಹತ್ತಿದಾಗ ಸಿಕ್ಕವರು ಮಹಾವೀರಾಚಾರ್ಯರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞರು. ಕವಿರಾಜಮಾರ್ಗ ಹುಟ್ಟಿದ ಕಾಲವೂ ಅದೇ. ಸುಮಾರು 850ರಲ್ಲಿ ಅವರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಮೊದಲಲ್ಲೇ ಜಿನನಿಗೆ ವಂದನೆ, ನೃಪತುಂಗನಿಗೆ ಹೊಗಳಿಕೆ. ತಮ್ಮ ತಂದೆ ತಾಯಿ, ಹುಟ್ಟೂರಿನ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಒಂಬತ್ತು ಅಧ್ಯಾಯಗಳ ಆ ಪುಸ್ತಕವೇ ಅವರ ಜೀವನಚರಿತ್ರೆ ಎಂದು ನಾನು ತಿಳಿದಿದ್ದೇನೆ.

ಏಳನೆಯ ಅಧ್ಯಾಯ ಕ್ಷೇತ್ರಗಣಿತ. ತ್ರಿಭುಜ ಮೂರು ಬಗೆ, ಚತುರ್ಭುಜ ಐದು ಬಗೆ, ವೃತ್ತ ಎಂಟು ಬಗೆ ಎಂದು ಆಚಾರ್ಯರು ಎಣಿಸುತ್ತಾರೆ. ಮೂರು ಬಾಹುವೂ ಒಂದೇ ಆದರೆ ಸಮ, ಎರಡು ಒಂದೇ ಆದರೆ ದ್ವಿಸಮ, ಒಂದಕ್ಕೊಂದು ಹೊಂದದಿದ್ದರೆ ವಿಷಮ. ಇವು ಅವರೇ ಹುಟ್ಟಿಸಿದ ಪದಗಳಲ್ಲ, ಹಿಂದಿನವರಿಂದ ಬಂದವು. ಇಲ್ಲಿ ಹೆಸರು ಬರೋದು ಬಾಹುಗಳಿಂದ, ಕೋನದಿಂದಲ್ಲ. ಲಘುಕೋನ, ಲಂಬಕೋನ, ವಿಶಾಲಕೋನ ಎಂದು ನಾವು ಈಗ ಓದುವ ವಿಂಗಡಣೆ ಯೂಕ್ಲಿಡ್‌ನ ದಾರಿ. ಹಾಗಂತ ಲಂಬಕೋನದ ತ್ರಿಭುಜ ಆಚಾರ್ಯರಿಗೆ ಗೊತ್ತಿರಲಿಲ್ಲ ಅಂತಲ್ಲ. ಎರಡು ಬೀಜಸಂಖ್ಯೆಗಳಿಂದ ಭುಜ, ಕೋಟಿ, ಕರ್ಣಗಳನ್ನು ಹುಟ್ಟಿಸುವ ವಿಧಾನ ಕೊಟ್ಟಿದ್ದಾರೆ. 1, 2 ಬೀಜವಾದರೆ 3, 4, 5 ಬರುತ್ತದೆ, ಮಾಡಿ ನೋಡಿ.

ನನಗೆ ಅವರು ಹತ್ತಿರವಾದದ್ದು ಬೇರೊಂದು ಕಾರಣಕ್ಕೆ. ಪ್ರತಿ ಬಾಹು 8 ದಂಡವಿರುವ ಸಮತ್ರಿಭುಜದ ಲೆಕ್ಕವೊಂದಿದೆ. ವ್ಯವಹಾರದ ಸೂತ್ರ ಹಾಕಿದರೆ ಕ್ಷೇತ್ರಫಲ 32. ಸೂಕ್ಷ್ಮ ಸೂತ್ರ ಹಾಕಿದರೆ ಸುಮಾರು 27.7. ಹೊಲ ಅಳೆಯುವವನಿಗೆ ಒಂದು, ಪಂಡಿತನಿಗೆ ಒಂದು. ಎರಡನ್ನೂ ಬರೆದು, ಇದು ಸ್ಥೂಲ, ಇದು ಸೂಕ್ಷ್ಮ ಎಂದು ಬೇರೆ ಮಾಡಿ ಇಟ್ಟಿದ್ದಾರೆ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಗುರುತಿಸಿದವರೂ ಇವರೇ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ತಪ್ಪಿದವರೂ ಇವರೇ. ತಪ್ಪನ್ನು ಮುಚ್ಚಿಟ್ಟು ಜೈಕಾರ ಹಾಕುವುದು ಆಚಾರ್ಯರಿಗೆ ಮಾಡುವ ಗೌರವವಲ್ಲ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. ಕನ್ನಡ ಲಿಪಿಯಲ್ಲಿ, ಕನ್ನಡ ಟೀಕೆಯೊಡನೆ ಪ್ರತಿ ಮಾಡಿಟ್ಟವರೂ ಇದ್ದರು. ಕೊನೆಗೆ 1912ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಅಂಥ ಹಸ್ತಪ್ರತಿಗಳನ್ನು ತಾಳೆ ನೋಡಿ ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಎಲ್ಲಿ ಅಂತೀರಿ? ಇದೇ ಊರಲ್ಲಿ, ಆಗಿನ ಮದರಾಸಿನಲ್ಲಿ!

ನಾನು ಸ್ಪೆಲ್ಲಿಂಗಿಗೆ ಅತ್ತದ್ದೂ ಇದೇ ಊರಲ್ಲಿ. ಓಲೆಗರಿಯ ಮೇಲೆ ಕಂಟ ಹಿಡಿದು ಆ ಅಕ್ಷರ ಕೊರೆದವರ ಹೆಸರು ನನಗೆ ಗೊತ್ತಿಲ್ಲ. ಆದರೆ ಅವರು ಕೊರೆಯದಿದ್ದರೆ ಆಚಾರ್ಯರು ನಮಗೆ ಸಿಗುತ್ತಿದ್ದರೇ? ಸ್ಟೆನ್ಸಿಲ್ ಕೊರೆದು ಈ ಪತ್ರಿಕೆ ತರುವ ಗೆಳೆಯರೇ, ಕೈ ನೋವು ಅಂದಾಗೆಲ್ಲ ಅವರನ್ನು ಒಮ್ಮೆ ನೆನೆಯಿರಿ.