ತಾನಾಗಿ ತೆರೆಯುವ ಬಾಗಿಲು: ಸರ್ ಎಂ. ವಿಶ್ವೇಶ್ವರಯ್ಯ



ಸರ್ ಎಂ.ವಿ. ಎಂದ ಕೂಡಲೇ ಎಲ್ಲರೂ ಕನ್ನಂಬಾಡಿ ಕಟ್ಟೆ ಅಂತೀರಿ. ಅದಕ್ಕೂ ಮೊದಲೇ ಅವರು ಮಾಡಿದ ಒಂದು ಕೆಲಸ ಬಹಳ ಜನಕ್ಕೆ ಗೊತ್ತಿಲ್ಲ. ಅದು ಕರೆಂಟ್ ಇಲ್ಲದೆ, ಕಾವಲುಗಾರ ಮುಟ್ಟದೆ, ತಾನಾಗಿ ತೆರೆದು ತಾನಾಗಿ ಮುಚ್ಚುವ ಅಣೆಕಟ್ಟೆಯ ಬಾಗಿಲು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುವ ಸ್ವಯಂಚಾಲಿತ ನಿಯಂತ್ರಣದ ಮೊದಲ ಪಾಠ ಆ ಬಾಗಿಲಿನಲ್ಲೇ ಇದೆ.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಇನ್ನೂ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು.

ಪುಣೆ ಹತ್ತಿರ ಖಡಕ್‌ವಾಸ್ಲಾ ಎಂಬ ಜಲಾಶಯ ಇದೆ. ಮಳೆಗಾಲದಲ್ಲಿ ತುಂಬಿ ಕೋಡಿ ಬಿದ್ದು ನೀರೆಲ್ಲ ಹರಿದು ಹೋಗುತ್ತಿತ್ತು. ಬೇಸಿಗೆ ಬಂದರೆ ನೀರು ಸಾಲದು. ಕೋಡಿಯನ್ನೇ ಎತ್ತರಿಸಿ ಕಟ್ಟಿಬಿಟ್ಟರೆ ಪ್ರವಾಹ ಬಂದಾಗ ಕಟ್ಟೆಗೇ ಅಪಾಯ. ಕೋಡಿಯ ಮೇಲೆ ಬಾಗಿಲು ಇಟ್ಟರೆ ನೀರೇನೋ ನಿಲ್ಲುತ್ತದೆ. ಆದರೆ ನಡುರಾತ್ರಿ ಜಡಿಮಳೆಯಲ್ಲಿ ಅದನ್ನು ತೆರೆಯುವವರು ಯಾರು? ಒಬ್ಬ ನಿದ್ದೆ ಹೋದರೆ ಕೆಳಗಿನ ಊರುಗಳ ಗತಿ ಏನು?

1903ರಲ್ಲಿ ವಿಶ್ವೇಶ್ವರಯ್ಯನವರು ಅಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಇಡಿಸಿದರು. ಬಾಗಿಲಿನ ಭಾರಕ್ಕೆ ಎದುರು ಭಾರ ಕೊಟ್ಟು, ತಕ್ಕಡಿಯ ಹಾಗೆ ಸರಿತೂಗಿಸಿದ್ದರು. ನೀರು ಗೊತ್ತುಮಾಡಿದ ಗುರುತು ದಾಟಿದರೆ ನೀರಿನ ಬಲದಿಂದಲೇ ತೂಕ ಬದಲಾಗಿ ಬಾಗಿಲು ತೆರೆಯುತ್ತಿತ್ತು. ನೀರು ಇಳಿದರೆ ಮತ್ತೆ ಮುಚ್ಚುತ್ತಿತ್ತು. ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆದರು.

ಇದರಲ್ಲಿ ಮೂರು ಅಂಶಗಳಿವೆ, ನೆನಪಿಡಿ. ಒಂದು, ಎಷ್ಟು ಬೇಕು ಎಂಬ ಗುರುತು. ಎರಡು, ಈಗ ಎಷ್ಟಿದೆ ಎಂಬ ಅಳತೆ. ಮೂರು, ಎರಡಕ್ಕೂ ವ್ಯತ್ಯಾಸ ಬಂದರೆ ಸರಿಪಡಿಸುವ ಕ್ರಿಯೆ. ಸರಿಪಡಿಸಿದ ಮೇಲೆ ಮತ್ತೆ ಅಳತೆ. ಹೀಗೆ ಚಕ್ರ ತಿರುಗುತ್ತಲೇ ಇರಬೇಕು. ನೀರು ಎಷ್ಟೇ ಇರಲಿ, ದಿನಾ ಬೆಳಿಗ್ಗೆ 6 ಗಂಟೆಗೆ ಬಾಗಿಲು ತೆರೆಯುವ ಯಂತ್ರ ಇಟ್ಟರೆ ಅದೂ ತಾನಾಗಿಯೇ ನಡೆಯುತ್ತದೆ, ನಿಜ. ಆದರೆ ಅದು ಕುರುಡು ಯಂತ್ರ. ತನ್ನ ಕೆಲಸದ ಫಲವನ್ನು ತಾನೇ ನೋಡಿ ತಿದ್ದಿಕೊಳ್ಳುವುದೇ ನಿಜವಾದ ನಿಯಂತ್ರಣ.

ನೀರನ್ನು ಅಂಕೆಯಲ್ಲಿ ಇಡದಿದ್ದರೆ ಏನಾಗುತ್ತದೆ ಎಂಬುದನ್ನು 1908ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕಂಡಿತು. ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನೇ ಕರೆಸಿ, ಮತ್ತೆ ಹಾಗಾಗದಂತೆ ಯೋಜನೆ ಮಾಡಿಸಿತು.

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅಲ್ಲಿಯೂ ಸ್ವಯಂಚಾಲಿತ ಬಾಗಿಲುಗಳನ್ನು ಇಟ್ಟರು. ನಮ್ಮ ಗುಡ್ಡಗಳ ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ ಸೇರಿ, ಸಕಲೇಶಪುರದ ಸೇತುವೆ ದಾಟಿ, ಗೊರೂರಿನ ಅಣೆಕಟ್ಟೆ ದಾಟಿ ಕೊನೆಗೆ ಆ ಕಟ್ಟೆಯ ಹಿನ್ನೀರಿಗೇ ಹೋಗುತ್ತದೆ. ಪುನರ್ವಸು, ಪುಷ್ಯ ಮಳೆಯಲ್ಲಿ ನಮ್ಮ ಹೊಳೆ ಹೇಗೆ ಏರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಕನ್ನಂಬಾಡಿಗೂ ಕರೆಂಟಿಗೂ ನಂಟಿದೆ. 1902ರಿಂದಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟೂ ಸೊರಗುವುದು. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಒಂದೇ ಸಮ ಬಿಡುವುದೂ ಕಟ್ಟೆಯ ಉದ್ದೇಶವಾಗಿತ್ತು.

ಜಲವಿದ್ಯುತ್ ಕೇಂದ್ರದಲ್ಲೂ ಇದೇ ಪಾಠ. ಸಂಜೆ ಎಲ್ಲ ಮನೆಯಲ್ಲೂ ಒಟ್ಟಿಗೆ ದೀಪ ಹತ್ತಿದರೆ ಯಂತ್ರದ ಮೇಲೆ ಹೊರೆ ಬಿದ್ದು ಓಟ ತಗ್ಗುತ್ತದೆ. ಆಗ ಗವರ್ನರ್ ಎಂಬ ಸಾಧನ ಓಟವನ್ನು ಅಳೆದು ಇನ್ನಷ್ಟು ನೀರು ಬಿಡುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯಲ್ಲೂ ಕಾವು ಗುರುತು ದಾಟಿದರೆ ಒಳಗಿನ ಲೋಹದ ಪಟ್ಟಿ ಬಾಗಿ ಕರೆಂಟ್ ತಪ್ಪಿಸುತ್ತದೆ. ಆರಿದರೆ ಪಟ್ಟಿ ನೆಟ್ಟಗಾಗಿ ಮತ್ತೆ ಕೂಡಿಸುತ್ತದೆ.

ಹಾಗಂತ ಸ್ವಯಂಚಾಲಿತ ಎಂದರೆ ಯಾರೂ ನೋಡಬೇಕಾಗಿಲ್ಲ ಎಂದಲ್ಲ. ಬಾಗಿಲಿಗೆ ತುಕ್ಕು ಹಿಡಿದರೆ, ಗುರುತು ತಪ್ಪಿದರೆ ಯಂತ್ರ ತಪ್ಪನ್ನೇ ಮಾಡುತ್ತದೆ. ಎಣ್ಣೆ ಹಾಕುವ ಕೈ, ಪರೀಕ್ಷಿಸುವ ಕಣ್ಣು ಬೇಕೇ ಬೇಕು.

1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯನವರು ನೂರು ವರ್ಷ ತುಂಬಿದ ಮೇಲೆ 1962ರಲ್ಲಿ ಕಾಲವಾದರು. ಅವರ ಹುಟ್ಟಿದ ದಿನವೇ ಎಂಜಿನಿಯರುಗಳ ದಿನ.

ಈಗ ನಿಮಗೊಂದು ಕೆಲಸ: ಗುರುತು, ಅಳತೆ, ತಿದ್ದುವಿಕೆ ಮೂರೂ ಇರುವ ಒಂದು ವಸ್ತುವನ್ನು ನಿಮ್ಮ ಮನೆಯಲ್ಲಿ ಹುಡುಕಿ, ಬರೆದುಕೊಂಡು ಬನ್ನಿ.